ಬೇಕೆಂದೇ ಬಿಟ್ಟ ತಪ್ಪುಗಳು

ಪತ್ತೇದಾರಿ ಕಾದಂಬರಿ ಬರೆಯುವವರನ್ನು ಕಂಡಾಗ ಜನ ಕೇಳುವ ಮೊದಲ ಪ್ರಶ್ನೆ, ಕೊಲೆಗಾರ ಯಾರೆಂಬುದು ಬರೆಯಲು ಕೂರುವಾಗಲೇ ಗೊತ್ತಿರುತ್ತದೆಯೇ ಎಂಬುದು. ಬರೆಯುತ್ತ ಹೋದಂತೆ ಗೊತ್ತಾಗುತ್ತದೆ ಎನ್ನುವ ಲೇಖಕರೂ ಇದ್ದಾರೆ. ಅವರ ಧೈರ್ಯಕ್ಕೆ ನನ್ನ ನಮಸ್ಕಾರ. ನನಗೆ ಮಾತ್ರ ಅಪರಾಧದ ಕಥೆ ಪೂರ್ತಿಯಾಗಿ ಕೈಗೆ ಸಿಗುವವರೆಗೆ ಮೊದಲ ವಾಕ್ಯವೂ ಹುಟ್ಟುವುದಿಲ್ಲ. ಈ ಬಗೆಯ ಕಾದಂಬರಿಯಲ್ಲಿ ಒಂದರೊಳಗೊಂದು ಎರಡು ಕಥೆಗಳಿರುತ್ತವೆ: ನಡೆದುಹೋದ ಅಪರಾಧದ್ದು ಒಂದು, ಅದರ ತನಿಖೆಯದ್ದು ಇನ್ನೊಂದು. ಓದುಗರೆದುರು ನಡೆಯುವುದು ಎರಡನೆಯದು ಮಾತ್ರ. ಆದರೆ ಮೊದಲನೆಯದರಲ್ಲಿ ಒಂದು ಗಂಟೆಯ ಲೆಕ್ಕ ತಪ್ಪಿದರೂ ಎರಡನೆಯದು ಕುಸಿದುಬೀಳುತ್ತದೆ. ಆದ್ದರಿಂದ ನೋಟುಬುಕ್ಕಿನ ಎಡಪುಟದಲ್ಲಿ ನಿಜವಾಗಿ ನಡೆದದ್ದನ್ನೂ, ಬಲಪುಟದಲ್ಲಿ ಅದು ಯಾವ ಅಧ್ಯಾಯದಲ್ಲಿ ಯಾರ ಕಣ್ಣಿಗೆ ಯಾವ ರೂಪದಲ್ಲಿ ಬೀಳುತ್ತದೆ ಎಂಬುದನ್ನೂ ಬರೆದಿಡುತ್ತೇನೆ.

ಎಡಪುಟವನ್ನು ತುಂಬಿಸಲು ಬೇಕಾಗುವ ಓದು ದೊಡ್ಡದು. ಸತ್ತ ದೇಹ ಸೆಟೆದುಕೊಳ್ಳುವುದು ಸಾಮಾನ್ಯವಾಗಿ 2ರಿಂದ 4 ಗಂಟೆಗಳೊಳಗೆ ದವಡೆ, ಕುತ್ತಿಗೆಗಳಲ್ಲಿ ಮೊದಲು ಕಾಣಿಸಿಕೊಂಡು, ಸುಮಾರು 12 ಗಂಟೆಗಳಲ್ಲಿ ಇಡೀ ಮೈಗೆ ಹರಡಿ, ಮುಂದಿನ ಒಂದೆರಡು ದಿನಗಳಲ್ಲಿ ಸಡಿಲಗೊಳ್ಳುತ್ತದೆ. ಬಿಸಿ ವಾತಾವರಣದಲ್ಲಿ ಇದೆಲ್ಲ ಬೇಗ ನಡೆಯುತ್ತದೆ, ಚಳಿಯಲ್ಲಿ ತಡವಾಗುತ್ತದೆ. ಹೀಗಿರುವಾಗ ಹೆಣವನ್ನು ಒಮ್ಮೆ ಮುಟ್ಟಿನೋಡಿ, ಸಾವು ಸಂಭವಿಸಿದ್ದು ರಾತ್ರಿ 9 ಗಂಟೆ 10 ನಿಮಿಷಕ್ಕೆ ಎಂದು ಘೋಷಿಸುವ ವೈದ್ಯರು ಕಾದಂಬರಿಗಳಲ್ಲಿ ಮಾತ್ರ ಸಿಗುತ್ತಾರೆ. ನಿಜವಾದ ವೈದ್ಯರು ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ ಎಂದಷ್ಟೇ ಹೇಳುತ್ತಾರೆ. ಬರೆಯುವವರಿಗೆ ಬೇಕಾದದ್ದೂ ಅದೇ, ಏಕೆಂದರೆ ತಾವು ಬೇರೆಡೆ ಇದ್ದೆವೆಂದು ಶಂಕಿತರು ಹೇಳುವ ಸುಳ್ಳುಗಳಿಗೆಲ್ಲ ಜಾಗ ಆ ಅನಿಶ್ಚಿತ ಅವಧಿಯಲ್ಲೇ ಇದೆ. ವಿಷದ ವಿಚಾರದಲ್ಲಿ ಕಾಲವೂ ಮುಖ್ಯ. ದೇಹದೊಳಗಿನ ಆರ್ಸೆನಿಕ್ಕನ್ನು ನಂಬಲರ್ಹವಾಗಿ ಪತ್ತೆಹಚ್ಚುವ ಪರೀಕ್ಷೆಯನ್ನು ಜೇಮ್ಸ್ ಮಾರ್ಷ್ ಪ್ರಕಟಿಸಿದ್ದು 1836ರಲ್ಲಿ. ಅದರ ಮುಂಚಿನ ಕಾಲದ ಕಥೆಯಲ್ಲಿ ವಿಷ ಹಾಕುವವನಿಗಿದ್ದ ನಿಶ್ಚಿಂತೆ ಅನಂತರದ ಕಥೆಯಲ್ಲಿರಲು ಸಾಧ್ಯವಿಲ್ಲ.

ಆದರೂ ನನ್ನ ಹೆಚ್ಚಿನ ಸಮಯವನ್ನು ತಿನ್ನುವುದು ಬಲಪುಟ. ಸುಳಿವನ್ನು ಓದುಗರ ಕಣ್ಣೆದುರೇ ಇಡಬೇಕು, ಅದು ಸುಳಿವೆಂದು ಮಾತ್ರ ತಿಳಿಯಬಾರದು. ಉದಾಹರಣೆಗೆ, ದೀಪ ಆರಿದಾಗ ತಾನು ಮಹಡಿಯ ಕೋಣೆಯಲ್ಲಿ ಓದುತ್ತ ಕುಳಿತಿದ್ದೆನೆಂದು ಒಬ್ಬ ವೃದ್ಧೆ ಹೇಳುತ್ತಾಳೆ. ಆಕೆಯ ಕನ್ನಡಕ ಕೆಳಗಿನ ಹಜಾರದಲ್ಲೇ ಉಳಿದಿದೆ. ಕಿಟಕಿಯ ಪಕ್ಕ ಕನ್ನಡಕವಿತ್ತು ಎಂದಷ್ಟೇ ಬರೆದರೆ ಚುರುಕಾದ ಓದುಗರು ಅಲ್ಲೇ ನಿಂತುಬಿಡುತ್ತಾರೆ. ಕಿಟಕಿಯ ಪಕ್ಕ ಒಣಗಿದ ಹೂದಾನಿ, ಕನ್ನಡಕ, ಒಡೆಯದ ಕಾಗದಗಳ ಕಟ್ಟು ಇವೆ ಎಂದು ಬರೆದು, ಮರುವಾಕ್ಯದಲ್ಲೇ ಆ ಕಾಗದಗಳಿಗಾಗಿ ಅಣ್ಣತಮ್ಮಂದಿರ ನಡುವೆ ಜಗಳ ಹಚ್ಚಿದರೆ, ಕನ್ನಡಕವನ್ನು ಎಲ್ಲರೂ ಓದಿರುತ್ತಾರೆ, ಯಾರೂ ನೋಡಿರುವುದಿಲ್ಲ. ಮೂರು ವಸ್ತುಗಳ ನಡುವಿನದರ ಮೇಲೆ ಗಮನ ನಿಲ್ಲುವುದು ಕಡಿಮೆ ಎಂಬುದು ನನ್ನ ಅನುಭವ. ಅತಿಯಾಗಿ ಬಳಸಿದರೆ ಇದೂ ಸವೆದುಹೋಗುವ ಉಪಾಯವೇ.

ಹೀಗೆ ಮರೆಮಾಡುವುದಕ್ಕೂ ಮೋಸಕ್ಕೂ ನಡುವೆ ಒಂದು ಗೆರೆಯಿದೆ. 1929ರಲ್ಲಿ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾನೂ ಪತ್ತೇದಾರಿ ಕಾದಂಬರಿಕಾರನಾಗಿದ್ದವನು, ಈ ಬಗೆಯ ಬರವಣಿಗೆಗೆ ಹತ್ತು ಕಟ್ಟಳೆಗಳನ್ನು ಹಾಕಿದ. ಅವುಗಳಲ್ಲಿ ಕೆಲವು ಇಂದು ನಗೆ ತರಿಸುತ್ತವೆ, ಒಂದಂತೂ ಮುಜುಗರವನ್ನೇ ತರಿಸುತ್ತದೆ. ಆದರೆ ಅಪರಾಧಿಯು ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು ಎಂಬೆರಡನ್ನು ಮೀರಿ ಗೆದ್ದ ಕೃತಿಗಳು ವಿರಳ.

ಹಸ್ತಪ್ರತಿ ಮುಗಿದ ಮೇಲೆ ಪ್ರಕಾಶಕರಿಗೆ ಕಳುಹಿಸುವ ಸಾರಾಂಶದಲ್ಲಿ ಹೊಸ ಲೇಖಕರು ಕೊಲೆಗಾರನ ಹೆಸರನ್ನು ಮುಚ್ಚಿಡುತ್ತಾರೆ. ಕುತೂಹಲ ಹುಟ್ಟಿದರೆ ಪೂರ್ತಿ ಓದುತ್ತಾರೆ ಎಂಬುದು ಅವರ ಎಣಿಕೆ. ಹಾಗೆ ಮಾಡುವುದರಲ್ಲಿ ಪ್ರಯೋಜನವಿಲ್ಲ. ಗಂಟು ಹಾಕುವುದು ಯಾರಿಗಾದರೂ ಬಂದೀತು. ಪ್ರಕಾಶಕರು ನೋಡಬಯಸುವುದು ಅದನ್ನು ಬಿಡಿಸುವ ಬಗೆಯನ್ನು. ಕಾಯುವುದಂತೂ ತಪ್ಪಿದ್ದಲ್ಲ. ಅಗಾಥಾ ಕ್ರಿಸ್ಟಿ ತನ್ನ ಮೊದಲ ಕಾದಂಬರಿಯನ್ನು ಬರೆದದ್ದು 1916ರಲ್ಲಿ, ಯುದ್ಧಕಾಲದ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ದುಡಿಯುತ್ತಿದ್ದಾಗ. ಒಂದಾದ ಮೇಲೊಂದರಂತೆ ಪ್ರಕಾಶಕರು ಅದನ್ನು ಹಿಂತಿರುಗಿಸಿದರು. ಜಾನ್ ಲೇನ್ ಎಂಬ ಪ್ರಕಾಶಕ ಬಹುಕಾಲ ತನ್ನ ಬಳಿ ಇಟ್ಟುಕೊಂಡು ಕಡೆಗೆ ಒಪ್ಪಿದ, ಆದರೆ ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ರಹಸ್ಯ ಬಯಲಾಗುತ್ತಿದ್ದ ಕೊನೆಯ ಅಧ್ಯಾಯವನ್ನು ಬದಲಿಸಬೇಕೆಂದ. ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸಿ ಪತ್ತೇದಾರ ವಿವರಿಸುವ ರೂಪ ಆ ಕಾದಂಬರಿಗೆ ಬಂದದ್ದು ಹೀಗೆ. 1920ರಲ್ಲಿ ಅದು ಹೊರಬಂದ ಮೇಲೆ ಔಷಧಶಾಸ್ತ್ರದ ಪತ್ರಿಕೆಯೊಂದು ವಿಷದ ವಿವರಗಳು ಸರಿಯಾಗಿವೆಯೆಂದು ಮೆಚ್ಚಿ ಬರೆಯಿತು. ಸಾಹಿತ್ಯ ವಿಮರ್ಶಕರ ಹೊಗಳಿಕೆಗಿಂತ ಇಂಥ ಪತ್ರಿಕೆಯ ಮೆಚ್ಚುಗೆಯೇ ನನಗಂತೂ ಹೆಚ್ಚು ಅಸೂಯೆ ಹುಟ್ಟಿಸುತ್ತದೆ.

ಒಪ್ಪಂದವನ್ನು ಮಾತ್ರ ಆಕೆಯಂತೆ ಮಾಡಿಕೊಳ್ಳಬಾರದು. ಎರಡು ಸಾವಿರ ಪ್ರತಿಗಳು ಮಾರಾಟವಾಗುವವರೆಗೆ ರಾಯಧನವಿಲ್ಲ, ಮುಂದಿನ ಐದು ಕಾದಂಬರಿಗಳೂ ಅದೇ ಪ್ರಕಾಶಕನಿಗೆ ಎಂಬ ಷರತ್ತುಗಳಿಗೆ ಆಕೆ ಸಂತೋಷದಿಂದಲೇ ಸಹಿ ಹಾಕಿದ್ದಳು. ಕಾನನ್ ಡಾಯ್ಲ್ ಅಂತೂ ಷರ್ಲಾಕ್ ಹೋಮ್ಸ್ ಮೊದಲು ಕಾಣಿಸಿಕೊಂಡ, 1887ರಲ್ಲಿ ಅಚ್ಚಾದ ಕಾದಂಬರಿಯ ಹಕ್ಕನ್ನು ಪೂರ್ತಿಯಾಗಿ 25 ಪೌಂಡಿಗೆ ಮಾರಿಬಿಟ್ಟ. ಮೊದಲ ಪುಸ್ತಕ ಅಚ್ಚಾಗುವ ಸಂಭ್ರಮದಲ್ಲಿ ಯಾರೂ ಓದದ ಪುಟಗಳೆಂದರೆ ಒಪ್ಪಂದಪತ್ರದವು. ಸರಣಿಯ ಪತ್ತೇದಾರನ ಪಾತ್ರದ ಮೇಲೆ ಹಕ್ಕು ಯಾರದು, ಅನುವಾದ ಮತ್ತು ಚಿತ್ರರೂಪದ ಹಕ್ಕುಗಳು ಎಲ್ಲಿ ಉಳಿಯುತ್ತವೆ, ಪ್ರತಿಗಳು ಮುಗಿದು ಮರುಮುದ್ರಣ ಆಗದಿದ್ದರೆ ಹಕ್ಕು ಯಾವಾಗ ಲೇಖಕರಿಗೆ ಮರಳುತ್ತದೆ ಎಂಬ ಮೂರನ್ನಾದರೂ ಸಹಿಗೆ ಮುಂಚೆ ನೋಡಿಕೊಳ್ಳಬೇಕು.

ಇನ್ನು ಕರಡಚ್ಚು. ನನ್ನ ಮೊದಲ ಕಾದಂಬರಿಯಲ್ಲಿ ಸಾಕ್ಷಿಯೊಬ್ಬ, ತಾನು ಕಂಡ ಅಪರಿಚಿತನ ಬಲಗೈಯಲ್ಲಿ ಕೊಡೆಯಿತ್ತೆಂದು ಒಂದು ಅಧ್ಯಾಯದಲ್ಲಿ ಹೇಳುತ್ತಾನೆ. ಹಲವು ಅಧ್ಯಾಯಗಳ ಅನಂತರ ಅದೇ ಮಾತು ಬಂದಾಗ ಎಡಗೈ ಎನ್ನುತ್ತಾನೆ. ಅವನು ಯಾರನ್ನೂ ಕಂಡಿರಲಿಲ್ಲ, ಬೇರೊಬ್ಬರು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದ. ಕಥೆಯ ಗಂಟು ಬಿಚ್ಚುವುದೇ ಆ ಒಂದು ವ್ಯತ್ಯಾಸದಿಂದ. ಕರಡಚ್ಚು ಬಂದಾಗ ಎರಡೂ ಕಡೆ ಬಲಗೈ ಇತ್ತು. ಕರಡು ತಿದ್ದಿದವರು ತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದ್ದರು. ಬೇರೆ ಯಾವ ಪುಸ್ತಕದಲ್ಲಾದರೂ ಅದು ಲೇಖಕರ ಅಜಾಗರೂಕತೆಯೇ ಆಗಿರುತ್ತಿತ್ತು. ಅದು ಹಾಗೆಯೇ ಅಚ್ಚಾಗಿದ್ದರೆ, ಕೊನೆಯ ಅಧ್ಯಾಯದಲ್ಲಿ ತನಿಖಾಧಿಕಾರಿ ಮೇಜು ಕುಟ್ಟಿ, "ಕೊಡೆ ಯಾವ ಕೈಯಲ್ಲಿತ್ತು?" ಎಂದು ಕೇಳುವಾಗ ಓದುಗರು ಕಕ್ಕಾಬಿಕ್ಕಿಯಾಗುತ್ತಿದ್ದರು. ಅಂದಿನಿಂದ ಹಸ್ತಪ್ರತಿಯ ಜೊತೆಗೆ "ಬೇಕೆಂದೇ ಬಿಟ್ಟ ತಪ್ಪುಗಳು" ಎಂಬ ತಲೆಬರಹದ ಒಂದು ಹಾಳೆಯನ್ನು ಪುಟಸಂಖ್ಯೆಗಳೊಡನೆ ಲಗತ್ತಿಸುತ್ತೇನೆ. ಕರಡು ತಿದ್ದುವವರಿಗೆ ಅದು ಪರಿಹಾರದ ಅಧ್ಯಾಯಕ್ಕೂ ಮೊದಲೇ ಸಿಗುವುದರಿಂದ ಅವರ ಓದಿನ ಸುಖ ಹಾಳಾಗುತ್ತದೆ. ಬೇರೆ ದಾರಿ ಕಾಣೆ.

ಬೆನ್ನುಡಿಯನ್ನೂ ನಾನೇ ನೋಡುತ್ತೇನೆಂದು ಈಗ ಮೊದಲೇ ಹೇಳಿಬಿಡುತ್ತೇನೆ. ಅರ್ಧ ಪುಸ್ತಕ ಕಳೆದ ಮೇಲೆ ನಡೆಯುವ ಎರಡನೆಯ ಕೊಲೆಯನ್ನು ರಕ್ಷಾಪುಟದಲ್ಲೇ ಹೇಳಿಬಿಡುವುದು ಮಾರಾಟಕ್ಕೆ ಎಷ್ಟು ಒಳ್ಳೆಯದೋ ತಿಳಿಯದು, ಅಲ್ಲಿಯವರೆಗಿನ ಅಧ್ಯಾಯಗಳಿಗೆ ಮಾತ್ರ ಅದು ಒಳ್ಳೆಯದಲ್ಲ. ಓದಿದವರು ಪತ್ರ ಬರೆದು, ಕೊಲೆಗಾರ ತಮಗೆ ಮೊದಲೇ ತಿಳಿದಿತ್ತೆಂದು ಹೇಳಿದಾಗ, ಯಾವ ಪುಟದಲ್ಲಿ ಎಂದು ವಿಚಾರಿಸುತ್ತೇನೆ. ಒಂದೇ ಪುಟವನ್ನು ಹಲವರು ಸೂಚಿಸಿದರೆ ಅಲ್ಲಿ ಸುಳಿವು ತೀರಾ ಬೆತ್ತಲಾಗಿದೆ ಎಂದರ್ಥ. ಬೇರೆ ಬೇರೆ ಪುಟಗಳಾದರೆ ಅವರೆಲ್ಲ ಊಹೆ ಮಾಡಿದ್ದರು.

ಈಗ ಬರೆಯುತ್ತಿರುವ ಕಾದಂಬರಿಯಲ್ಲಿ ಅಪರಾಧಿ ಕಾಣಿಸಿಕೊಳ್ಳುವುದು ಐದನೆಯ ಅಧ್ಯಾಯದಲ್ಲಿ. ಅಷ್ಟು ತಡವಾದರೆ ಹಸ್ತಪ್ರತಿ ಓದುವ ಗೆಳತಿ ಒಪ್ಪುವುದಿಲ್ಲ, ನನಗೂ ಒಪ್ಪಿಗೆಯಿಲ್ಲ. ಎರಡನೆಯ ಅಧ್ಯಾಯದಲ್ಲಿ ಬಾಗಿಲು ತೆರೆಯುವವನಿಗೆ ಈಗ ಹೆಸರಿಲ್ಲ. ಆ ಕೆಲಸವನ್ನು ಇವನಿಗೇ ಕೊಟ್ಟು, ಅದರಿಂದ ಮುಂದಿನ ಮೂರು ಅಧ್ಯಾಯಗಳಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ಬಲಪುಟದಲ್ಲಿ ಗುರುತು ಹಾಕುತ್ತ ಕುಳಿತಿದ್ದೇನೆ.