ಫ್ಲೋರ್ ಟಾಮಿಗೆ ಲುಂಗಿ ತುರುಕೋ ಮೊದ್ಲು

ಕಾರವಾರದಲ್ಲಿ ಚೌತಿ ಹತ್ರ ಬಂತು ಅಂದ್ರೆ ರಸಮಂಜರಿ ತಂಡದವ್ರಿಗೆ ಪುರುಸೊತ್ತಿಲ್ಲ. ನಮ್ಮ ಡ್ರಮ್ ಸೆಟ್ ಮಳೆಗಾಲ ಪೂರ್ತಿ ಕೋಡಿಬಾಗದ ಒಂದು ರೂಮಲ್ಲಿ ಬಿದ್ಕೊಂಡಿತ್ತು, ಹೊರಗೆ ತೆಗೆದು ನೋಡಿದ್ರೆ ಉಪ್ಪುಗಾಳಿಗೆ ಹೊದಿಕೆ ಬಿಗಿಯೋ ರಾಡೆಲ್ಲ ತುಕ್ಕು, ನೆಲದ ಮೇಲೆ ನಿಲ್ಲೋ ದೊಡ್ಡ ಡ್ರಮ್ಮು, ಆ 16 ಇಂಚಿನ ಫ್ಲೋರ್ ಟಾಮ್ ಹೊಡೆದ್ರೆ ಖಾಲಿ ರಟ್ಟಿನ ಡಬ್ಬ ಬಡಿದ ಹಾಗೆ. "ಮೇಲೆ ಟೇಪ್ ಹಚ್ಚು, ಒಳಗೆ ಹಳೇ ಲುಂಗಿ ತುರುಕು ಮಾರಾಯ, ಸಂಜೆ ಪ್ರಾಕ್ಟೀಸಿದೆ" ಅಂದ ಕೀಬೋರ್ಡಿನವನು. ಈ ಲುಂಗಿ ವೈದ್ಯ ಕಂಡ್ರೆ ನಂಗಾಗೋದಿಲ್ಲ. ಕೆಟ್ಟ ಸ್ವರ ಮುಚ್ಚಿಹೋಗ್ತದೆ ಹೌದು, ಒಳ್ಳೇದೂ ಅದ್ರ ಜೊತೆಗೇ ಸಾಯ್ತದೆ.

ಎರಡೂ ಹೆಡ್, ಅಂದ್ರೆ ಮೇಲಿನ ಕೆಳಗಿನ ಹೊದಿಕೆ, ಬಿಚ್ಚಿದೆ. ಶೆಲ್ಲಿನ, ಅಂದ್ರೆ ಡ್ರಮ್ಮಿನ ಮೈಯ, ಅಂಚಿನ ಮೇಲೆ ಬೆರಳಾಡಿಸಿದ್ರೆ ಒಂದು ಕಡೆ ಧೂಳು ತೇವ ಸೇರಿ ಗಂಟು ಕಟ್ಟಿತ್ತು, ಅಲ್ಲಿ ಹೆಡ್ ಸರಿ ಕೂರೋದೇ ಇಲ್ಲ ಮತ್ತೆ ಸ್ವರ ಎಲ್ಲಿಂದ ಬರ್ಬೇಕು. ಒಣ ಬಟ್ಟೇಲಿ ಒರೆಸಿ, ರಾಡಿಗೆ ಹೊಲಿಗೆ ಮಿಷನ್ ಎಣ್ಣೆ ಬಿಟ್ಟು, ಮೊದ್ಲು ಕೆಳಗಿನ ಹೆಡ್ ಹಾಕ್ದೆ. ಎಲ್ಲ ರಾಡೂ ಕೈಯಲ್ಲೇ ತಿರುಗಿಸೋದು, ಆಮೇಲೆ ರಾಡ್ ತಿರುಗಿಸೋ ಕೀ ಹಿಡಿದು ಅರ್ಧರ್ಧ ಸುತ್ತು, ಒಂದಾದ ಮೇಲೆ ಅದ್ರ ಎದುರಿನದ್ದು. ಸಾಲಾಗಿ ಬಿಗಿದ್ರೆ ಹೆಡ್ ಒಂದೇ ಕಡೆ ಎಳೀತದೆ. ಸುಕ್ಕು ಹೋಗಿದ್ದೇ ನಡುವೆ ಅಂಗೈ ಒತ್ತಿದೆ, ಚಟಚಟ ಅಂತು. ಒಡೀತದೆ ಅಂತ ಕೀಬೋರ್ಡಿನವನು ಓಡಿಬಂದ. ರಿಮ್ಮಿನೊಳಗಿನ ಅಂಟು ಸಡಿಲಾಗೋ ಸದ್ದು ಅಷ್ಟೆ ಅದು.

ಆಮೇಲಿಂದೇ ನಿಜವಾದ ಕೆಲ್ಸ. ಡ್ರಮ್ಮನ್ನ ಜಮಖಾನದ ಮೇಲಿಟ್ರೆ ಕೆಳಗಿನ ಬದಿ ಸುಮ್ಮನಾಗ್ತದೆ, ಪ್ರತಿ ರಾಡಿನಿಂದ ಒಂದಿಂಚು ಒಳಗೆ ಕಡ್ಡಿ ತುದಿಯಲ್ಲಿ ಮೆಲ್ಲ ತಟ್ಟಿ ಎಲ್ಲ ಕಡೆ ಒಂದೇ ಸ್ವರ ಬರೋವರೆಗೆ ತಿದ್ದಬೇಕು. ನಮ್ಮ ಮಾವ ಶಿರಸಿ ಕಡೆಯವ್ರು, ಯಕ್ಷಗಾನದ ಆಟಕ್ಕೆ ಮದ್ದಳೆ ಬಾರಿಸ್ತಿದ್ದವ್ರು, ಚೌತಿಗೆ ಅಂತ ಬಂದು ಬಾಗಿಲಲ್ಲಿ ಕೂತಿದ್ರು. ನಾನು ಒಂದು ಸುತ್ತು ಮುಗಿಸೋದ್ರೊಳಗೇ "ತಮಾ, ಆ ಬದಿ ಇಳದ್ದು ನೋಡು" ಅಂದ್ರು. ಹೌದು, ಕಾಲು ಸುತ್ತು ಬೇಕಿತ್ತು. ಭಾಗವತರ ಶ್ರುತಿಗೆ ಮದ್ದಳೆ ಕೂರಿಸಿದ ಕಿವಿ ಅದು, ಆ ಕಿವಿಯೆದುರು ನನ್ನ ಮೊಬೈಲಿನ ಟ್ಯೂನರ್ ಆಪ್ ಯಾವ ಲೆಕ್ಕ. "ಮಳೇಲಿ ಇದು ಮೆತ್ತಗಾಗ್ತಿಲ್ಯಾ?" ಅಂತ ಕೇಳಿದ್ರು. ಚರ್ಮ ಅಲ್ವಲ್ಲ ಮಾವ, ಪ್ಲಾಸ್ಟಿಕ್ ಅಂದೆ. ಮೊದ್ಲು ಇದಕ್ಕೂ ಕರುವಿನ ಚರ್ಮವೇ ಇತ್ತು, ಅಮೆರಿಕದಲ್ಲಿ 1957ರಲ್ಲಿ ರೆಮೋ ಬೆಲ್ಲಿ ಕಂಪನಿ ಶುರು ಮಾಡಿದ ಮೇಲೆ ಮೈಲಾರ್ ಅನ್ನೋ ಪ್ಲಾಸ್ಟಿಕ್ಕಿನ ಹೆಡ್ ಎಲ್ಲ ಕಡೆ ಬಂತು. ಮಾವಂಗೆ ಪ್ಲಾಸ್ಟಿಕ್ ಅಂದ ಕೂಡ್ಲೇ ಆಸಕ್ತಿ ಹೋಯ್ತು, ಚಾ ಕೇಳೋಕೆ ಒಳಗೆ ಹೋದ್ರು.

ಮೇಲಿನ ಹೆಡ್ ಸುಕ್ಕು ಹೋಗಿ ಮೇಲೆ ಒಂಚೂರು ಮಾತ್ರ ಬಿಗಿ, ಕೆಳಗಿನದ್ದು ಅದಕ್ಕಿಂತ ಸ್ವಲ್ಪ ಏರು. ಎರಡೂ ಒಂದೇ ಸ್ವರ ಆದ್ರೆ ಗುಂಯ್ ಅಂತ ಎಳೀತಾನೇ ಇರ್ತದೆ, ಹೀಗಿಟ್ರೆ "ಧೂಂ" ಅಂತ ಬಂದು ಬೇಗ ನಿಲ್ತದೆ. ಜನ ಕೆಳಗಿನ ಹೆಡ್ ಮುಟ್ಟೋದೇ ಇಲ್ಲ, ಅರ್ಧ ಸ್ವರ ಅಲ್ಲೇ ಇರೋದು. ಒಂದೇ ಒಂದು ಕಿರಿಕಿರಿ, ಸಣ್ಣ ಟಾಮ್ ಹೊಡೆದ್ರೆ ಪಕ್ಕದ ಸ್ನೇರ್ ಡ್ರಮ್ಮಿನ ಅಡಿಯ ತಂತಿ ತಾನಾಗೇ ಝರ್ ಅಂತಿತ್ತು. ಟಾಮಿನ ಸ್ವರ ಸ್ವಲ್ಪ ಇಳಿಸಿದ ಮೇಲೆ ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ, ಅದು ಹೋಗೋದೂ ಇಲ್ಲ.

ಪ್ರೋಗ್ರಾಮ್ ದಿನ ಸೌಂಡಿನವನು ಟಾಮ್ ಮೈಕಿನ ಸದ್ದು ತಿದ್ದೋ ಇಕ್ಯೂ ಹೆಚ್ಚು ಮುಟ್ಲಿಲ್ಲ. ಅವನ ಕೈಯೆಲ್ಲ ಹಾಡುವವ್ರ ಮೈಕಿನ ಎಕೋ ಮೇಲೇ ಇತ್ತು, ಅದಕ್ಕೆ ನನ್ನ ಹತ್ರ ಯಾವ ಕೀನೂ ಇಲ್ಲ.