ಒಂಬತ್ತನೆಯ ತರಗತಿಯ ಫಲಿತಾಂಶ

ನಾವು ಓದುತ್ತಿದ್ದಾಗ ಏಪ್ರಿಲ್ 10ರಂದು ಪ್ರಕಟವಾಗುತ್ತಿದ್ದ ಫಲಿತಾಂಶಗಳಲ್ಲಿ ನಮ್ಮನ್ನು ಹೆಚ್ಚು ಹೆದರಿಸುತ್ತಿದ್ದುದು ಒಂಬತ್ತನೆಯ ತರಗತಿಯದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಂಡಳಿಯ ಕೈಯಲ್ಲಿರುವುದರಿಂದ, ಹಿಂದುಳಿದವರನ್ನು ಒಂಬತ್ತರಲ್ಲೇ ತಡೆದರೆ ಶಾಲೆಯ ಶೇಕಡಾವಾರು ಫಲಿತಾಂಶ ಏರುತ್ತದೆಂಬ ಲೆಕ್ಕಾಚಾರ ಅನೇಕ ಶಾಲೆಗಳಲ್ಲಿ ಇತ್ತು. ಮಕ್ಕಳನ್ನು ತಡೆಯಬಾರದೆಂದು ಹೇಳಿದ್ದ 2009ರ ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿ ಎಂಟನೆಯ ತರಗತಿಗೇ ಮುಗಿಯುವುದರಿಂದ ಆ ಲೆಕ್ಕಾಚಾರ ಇನ್ನೂ ಪೂರ್ತಿ ಹೋಗಿಲ್ಲ.

ನಮ್ಮ ಗಣಿತದ ಮಾಸ್ತರರು ಈ ಲೆಕ್ಕಾಚಾರಕ್ಕೆ ಒಪ್ಪುತ್ತಿರಲಿಲ್ಲ. ಕಾರವಾರದ ಬೈತಖೋಲ್ ಕಡೆಯಿಂದ ಬರುತ್ತಿದ್ದ ಮೀನುಗಾರರ ಮಕ್ಕಳು ನಮ್ಮ ತರಗತಿಯಲ್ಲಿ ಬಹಳ ಮಂದಿ ಇದ್ದರು. ಅವರ ಮನೆಮಾತು ಕೊಂಕಣಿ. ಉತ್ತರಪತ್ರಿಕೆಯಲ್ಲಿ ಬಡ್ಡಿಯ ಲೆಕ್ಕವನ್ನು ಖಾಲಿ ಬಿಟ್ಟವನನ್ನು ಮಾಸ್ತರರು ಕರೆದು, ಅದೇ ಲೆಕ್ಕವನ್ನು ಕೊಂಕಣಿಯಲ್ಲಿ ಕೇಳುತ್ತಿದ್ದರು. ಅವನು ಬಾಯಲ್ಲೇ ಉತ್ತರ ಹೇಳಿದರೆ, ಕೊರತೆ ಓದಿನಲ್ಲಿದೆ, ಗಣಿತದಲ್ಲಿಲ್ಲ ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅಂಕಗಳನ್ನು ಮಾತ್ರ ತಿದ್ದುತ್ತಿರಲಿಲ್ಲ.

ನಾನೂ ಶಿಕ್ಷಕನಾದ ಮೇಲೆ ಅವರನ್ನು ಕಂಡು ಈ ವಿಷಯ ಎತ್ತಿದಾಗ, ನಪಾಸಾದವನು ಮುಂದಿನ ವರ್ಷ ಎಲ್ಲಿರುತ್ತಾನೆ ಎಂಬುದನ್ನೇ ತಾವು ಮೊದಲು ನೋಡುತ್ತಿದ್ದುದಾಗಿ ಹೇಳಿದರು. ಮಳೆಗಾಲದ ಮೀನುಗಾರಿಕೆ ನಿಷೇಧ ಈಗ ಜೂನ್ 1ರಿಂದ ಜುಲೈ 31ರವರೆಗೆ ಇರುತ್ತದೆ. ಅದೇ ತರಗತಿಯಲ್ಲಿ ಮತ್ತೆ ಕುಳಿತ ಹುಡುಗ ಆ ಎರಡು ತಿಂಗಳು ಹೇಗೋ ಬಂದಾನು. ಬೋಟುಗಳು ಕಡಲಿಗಿಳಿದ ಮೇಲೆ ಅವನು ಬರುವ ಭರವಸೆಯಿಲ್ಲ. ಅಂಥವನಿಗೆ ಒಂದು ವರ್ಷ ತಡೆಯುವುದೆಂದರೆ ಶಾಲೆಯನ್ನೇ ಬಿಡಿಸಿದಂತೆ ಎಂಬುದು ಅವರ ವಾದವಾಗಿತ್ತು.

ಆದರೆ ಹೀಗೆ ಮುಂದಕ್ಕೆ ಕಳಿಸಿದ ಹುಡುಗರಷ್ಟೇ ಅಂಕ ಪಡೆದಿದ್ದ, ನೌಕರಿದಾರರ ಮನೆಯ ಒಬ್ಬ ಸಹಪಾಠಿಯನ್ನು ಅವರು ತಂದೆಯೊಡನೆ ಮಾತಾಡಿ ಒಂಬತ್ತರಲ್ಲೇ ಉಳಿಸಿದ್ದರು. ಅವನಿಗೆ ಮನೆಯಲ್ಲಿ ಪಾಠ ಹೇಳುವವರಿದ್ದರು, ಒಂದು ವರ್ಷ ಹೋದರೂ ಶಾಲೆ ತಪ್ಪುತ್ತಿರಲಿಲ್ಲ. ಅಂದು ನಮಗೆಲ್ಲ ಅದು ಪಕ್ಷಪಾತವಾಗಿ ಕಂಡಿತ್ತು, ಮತ್ತು ಆ ಹುಡುಗನ ಮಟ್ಟಿಗೆ ಅದು ಪಕ್ಷಪಾತವೇ ಎಂದು ನಾನು ಇಂದಿಗೂ ಅಂದುಕೊಂಡಿದ್ದೇನೆ. ಸಮಾನ ಅಂಕಕ್ಕೆ ಸಮಾನ ಫಲಿತಾಂಶವನ್ನು ಬಯಸುವ ಹಕ್ಕು ಅವನಿಗಿತ್ತು. ಹಾಗಿದ್ದರೂ ನಮ್ಮ ಶಾಲೆಯ ಏಪ್ರಿಲ್ ಸಭೆಗಳಲ್ಲಿ ಯಾರನ್ನಾದರೂ ತಡೆಯುವ ಮಾತು ಬಂದಾಗ, ಅಂಕಪಟ್ಟಿಯ ಜೊತೆಗೆ ಆಗಸ್ಟ್ ನಂತರದ ಹಾಜರಿ ಪುಸ್ತಕವನ್ನೂ ತರಿಸಿ ನೋಡೋಣವೆಂದು ಪಟ್ಟು ಹಿಡಿಯುವವನು ನಾನೇ.