ಅವರು ಪೊಲೀಸರಿಗೆ ದೂರು ಕೊಡಬಾರದಾ?

ವೆಸ್ಟ್ ಬ್ಯಾಂಕಿನ ಯಾವುದಾದರೂ ವಿಡಿಯೊ ವಾಟ್ಸ್ಯಾಪಿನಲ್ಲಿ ಓಡಾಡಿತು ಅಂದರೆ ಮರುದಿನ ನನಗೆ ಈ ಪ್ರಶ್ನೆ ಗ್ಯಾರಂಟಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಇಸ್ರೇಲಿ ಹುಡುಗರು ದೊಣ್ಣೆ ಹಿಡಿದು ಗುಡ್ಡ ಇಳಿದು ಪ್ಯಾಲೆಸ್ಟೀನಿಯರ ಹಳ್ಳಿಗೆ ಬರುತ್ತಾರೆ. ಕಾರಿಗೆ ಬೆಂಕಿ ಬೀಳುತ್ತದೆ, ನೀರಿನ ಟ್ಯಾಂಕ್ ತೂತಾಗುತ್ತದೆ, ಕುರಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ನೋಡಿದವರು ಕೇಳುತ್ತಾರೆ: "ಅಲ್ರೀ ವಕೀಲರೇ, ಅಲ್ಲಿ ಪೊಲೀಸ್ ಸ್ಟೇಷನ್ ಇಲ್ವಾ? ಒಂದು ಕಂಪ್ಲೇಂಟ್ ಕೊಡೋಕೆ ಏನು ಕಷ್ಟ?"

ನಾನು ತಾಲ್ಲೂಕು ಕೋರ್ಟಿನಲ್ಲಿ ಕರಿ ಕೋಟು ಹಾಕಿಕೊಂಡು ಹೊಟ್ಟೆ ಹೊರೆಯುವವನು. ಆ ಕಡೆ ಹೋದವನೇ ಅಲ್ಲ. ಆದರೆ ಎಫ್‌ಐಆರ್, ಚಾರ್ಜ್‌ಶೀಟ್ ನನ್ನ ದಿನದ ಅನ್ನ. ಹಾಗಾಗಿ ಇದೇ ಪ್ರಶ್ನೆ ನನಗೂ ಮೊದಲು ಬಂದಿತ್ತು. ಹುಡುಕಿ ಓದುತ್ತ ಹೋದೆ.

ಸ್ಟೇಷನ್ ಇದೆ. ಎಲ್ಲಿದೆ, ಯಾರದ್ದು ಅನ್ನೋದೇ ತೊಡಕು.

1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಈ ಪ್ರದೇಶವನ್ನು ಜೋರ್ಡಾನಿನ ಕೈಯಿಂದ ಹಿಡಿಯಿತು. ಅಲ್ಲಿಂದ ಇವತ್ತಿನವರೆಗೂ ಅಲ್ಲಿನ ಪ್ಯಾಲೆಸ್ಟೀನಿಯರ ಮೇಲೆ ಸೇನೆಯ ಆಡಳಿತ. ಇಸ್ರೇಲ್ ಮತ್ತು ಪ್ಯಾಲೆಸ್ಟೀನಿ ನಾಯಕರ ನಡುವಿನ 1995ರ ಓಸ್ಲೊ ಒಪ್ಪಂದ ಜಾಗವನ್ನು ಎ, ಬಿ, ಸಿ ಅಂತ ಮೂರು ಪಾಲು ಮಾಡಿತು. ಸುಮಾರು ಶೇ 60ರಷ್ಟು ನೆಲ ‘ಸಿ’. ಅಲ್ಲಿ ಪೂರ್ತಿ ಇಸ್ರೇಲಿನದೇ ಕಾರುಬಾರು. ವಸಾಹತುಗಳು, ಅಂದರೆ ಹಿಡಿದ ನೆಲದಲ್ಲಿ ಇಸ್ರೇಲಿಗಳು ಕಟ್ಟಿಕೊಂಡ ಊರುಗಳು, ಬಹುಪಾಲು ಇರುವುದೂ ಅಲ್ಲೇ. ಐದು ವರ್ಷದ ತಾತ್ಕಾಲಿಕ ಏರ್ಪಾಡು ಅಂದಿದ್ದರು, ಮೂವತ್ತು ವರ್ಷ ಆಯಿತು. ಪ್ಯಾಲೆಸ್ಟೀನಿ ಪೊಲೀಸರು ಇದ್ದಾರೆ, ಆದರೆ ಇಸ್ರೇಲಿ ಪ್ರಜೆಯನ್ನು ಬಂಧಿಸುವ ಅಧಿಕಾರ ಅವರಿಗೆ ವೆಸ್ಟ್ ಬ್ಯಾಂಕಿನಲ್ಲಿ ಎಲ್ಲೂ ಇಲ್ಲ. ಕಣ್ಣೆದುರೇ ಮನೆಗೆ ಬೆಂಕಿ ಇಟ್ಟರೂ ಇಲ್ಲ.

ಹಾಗಾದರೆ ಹೋಗಬೇಕಾದದ್ದು ಇಸ್ರೇಲಿ ಪೊಲೀಸರ ಹತ್ತಿರ. ಅವರ ಠಾಣೆಗಳಿರುವುದು ಎಲ್ಲಿ? ಕಿರ್ಯಾತ್ ಅರ್ಬಾ, ಅರಿಯೇಲ್, ಮಾಲೆ ಅದುಮಿಮ್. ಮೂರೂ ವಸಾಹತುಗಳೇ. ಹಲ್ಲೆ ಮಾಡಿದವನ ನೆಂಟರಿಷ್ಟರ ಊರಿನ ಗೇಟಿನಲ್ಲಿ ನಿಂತು, ಒಳಗಿನಿಂದ ಯಾರಾದರೂ ಬಂದು ಕರೆದುಕೊಂಡು ಹೋಗಲಿ ಅಂತ ಕಾಯಬೇಕು. ವಸಾಹತಿನೊಳಗೆ ಪ್ಯಾಲೆಸ್ಟೀನಿಯರು ಸುಮ್ನೆ ಕಾಲಿಡುವಂತಿಲ್ಲ. ಒಳಗೆ ಹೋದ ಮೇಲೆ ಜಮೀನಿನ ಕಾಗದ ಕೇಳಬಹುದು. ಮರ ಕಡಿದದ್ದು ಯಾರು ಅಂತ ಕೇಳುತ್ತಾರೆ. ಮುಖವಾಡ ಹಾಕಿದವನ ಹೆಸರು ಎಲ್ಲಿಂದ ತರುವುದು?

ಯೆಶ್ ದಿನ್ ಅನ್ನುವ ಇಸ್ರೇಲಿ ಸಂಘಟನೆ 2005ರಿಂದ ಇಂಥ ಕೇಸುಗಳ ಹಿಂದೆ ಬಿದ್ದಿದೆ. ಹೀಬ್ರೂವಿನಲ್ಲಿ ಆ ಹೆಸರಿಗೆ ‘ಕಾನೂನು ಇದೆ’ ಅಂತ ಅರ್ಥ. 2023ರವರೆಗಿನ ಅವರ ಲೆಕ್ಕದಲ್ಲಿ, ವಸಾಹತುಗಾರರ ಮೇಲಿನ ತನಿಖೆಗಳಲ್ಲಿ ಶೇ 93ಕ್ಕಿಂತ ಜಾಸ್ತಿ ಚಾರ್ಜ್‌ಶೀಟ್ ಇಲ್ಲದೇ ಮುಚ್ಚಿಹೋಗಿವೆ. ಶಿಕ್ಷೆಯವರೆಗೆ ಹೋದದ್ದು ಶೇ 3ರ ಆಸುಪಾಸು. ಬಹಳಷ್ಟು ಫೈಲಿನಲ್ಲಿ ಕಾರಣ ಒಂದೇ, ಆರೋಪಿ ಪತ್ತೆಯಾಗಲಿಲ್ಲ. ನಮ್ಮ ಠಾಣೆಗಳಲ್ಲಿ ‘ಸಿ ರಿಪೋರ್ಟ್’ ಹಾಕ್ತಾರಲ್ಲ, ಹೆಚ್ಚೂಕಮ್ಮಿ ಅದೇ. ನನ್ನ ಸರ್ವೀಸಿನಲ್ಲಿ ಸಿ ರಿಪೋರ್ಟ್ ಬೇಕಾದಷ್ಟು ನೋಡಿದ್ದೇನೆ. ನೂರಕ್ಕೆ ತೊಂಬತ್ತಮೂರು ಹೀಗೆ ಹೋಗುವುದನ್ನು ನೋಡಿಲ್ಲ.

ಇನ್ನೊಂದು ತಕ್ಕಡಿ ನೋಡಿ. ಅದೇ ಗುಡ್ಡ, ಅದೇ ಕಲ್ಲು. ಎಸೆದವನು ಪ್ಯಾಲೆಸ್ಟೀನಿ ಹುಡುಗನಾದರೆ ಅವನು ಸೇನಾ ಕೋರ್ಟಿಗೆ ಹೋಗುತ್ತಾನೆ. ಭದ್ರತೆಯ ಕೇಸು ಅಂದರೆ ಜಡ್ಜ್ ಮುಂದೆ ನಿಲ್ಲಿಸಲು ವಯಸ್ಕರಿಗೆ ನಾಲ್ಕು ದಿನದವರೆಗೂ ಸಮಯ ಇದೆ. ಆ ಕೋರ್ಟುಗಳಲ್ಲಿ ಶಿಕ್ಷೆಯ ಪ್ರಮಾಣ ಶೇ 99ನ್ನು ಮೀರಿದ್ದು 2010ರ ಸುಮಾರಿನ ಸೇನೆಯದೇ ಅಂಕಿಅಂಶದಲ್ಲಿ ಇತ್ತು. ಎಸೆದವನು ವಸಾಹತಿನ ಹುಡುಗನಾದರೆ ಅವನಿಗೆ ಇಸ್ರೇಲಿನ ಸಾಮಾನ್ಯ ಕಾನೂನು, ಸಾಮಾನ್ಯ ಕೋರ್ಟು, 24 ಗಂಟೆಯ ಲೆಕ್ಕ. ನಾವು ಕಲಿತದ್ದು ಅಪರಾಧ ಎಲ್ಲಿ ನಡೆಯಿತೋ ಅಲ್ಲಿನ ಕಾನೂನು ಅಂತ. ಅಲ್ಲಿ ಕಾನೂನು ನೆಲಕ್ಕೆ ಅಂಟಿಕೊಂಡಿಲ್ಲ, ಮನುಷ್ಯನಿಗೆ ಅಂಟಿಕೊಂಡಿದೆ.

ಇದಕ್ಕೆ ಆಧಾರ 1967ರ ಒಂದು ತುರ್ತು ನಿಯಮ. ಐದೈದು ವರ್ಷಕ್ಕೆ ಸಂಸತ್ತು ಅದನ್ನು ನವೀಕರಿಸುತ್ತ ಬಂದಿದೆ. 2022ರ ಜೂನಿನಲ್ಲಿ ಒಂದು ತಮಾಷೆ ನಡೆಯಿತು. ಆಗಿನ ಪ್ರಧಾನಿ ಬೆನೆಟ್ ಅವರ ಸರ್ಕಾರವನ್ನು ಬೀಳಿಸುವ ಆತುರದಲ್ಲಿ, ವಿರೋಧಪಕ್ಷದಲ್ಲಿದ್ದ ನೆತನ್ಯಾಹು ಅವರ ಪಕ್ಷ ತಮಗೇ ಪ್ರಿಯವಾದ ಈ ನಿಯಮದ ವಿರುದ್ಧ ಓಟು ಹಾಕಿತು. ಮಸೂದೆ ಬಿತ್ತು. ಕೊನೆಗೆ ಸಂಸತ್ತೇ ವಿಸರ್ಜನೆಯಾಗಿ ನಿಯಮ ತಾನಾಗಿಯೇ ಮುಂದುವರಿಯಿತು. ಹೊಸ ಸರ್ಕಾರ ಬಂದ ಕೂಡಲೇ, 2023ರ ಜನವರಿಯಲ್ಲಿ, ಅದೇ ಪಕ್ಷ ಅದನ್ನು ಪಾಸು ಮಾಡಿತು.

"ಪೊಲೀಸ್ ಬಿಡಿ, ಸೈನಿಕರು ಅಲ್ಲೇ ನಿಂತಿರ್ತಾರಲ್ಲ?" ಅಂತ ಕೆಲವರು ಮುಂದುವರಿಸುತ್ತಾರೆ. ಹೌದು, ನಿಂತಿರುತ್ತಾರೆ. ಪೊಲೀಸರು ಬರುವವರೆಗೆ ಇಸ್ರೇಲಿಯನ್ನು ಹಿಡಿದಿಡುವ ಅಧಿಕಾರವೂ ಅವರಿಗಿದೆ. ಬಳಸುವುದು ಅಪರೂಪ.

ದಕ್ಷಿಣ ಹೆಬ್ರಾನ್ ಗುಡ್ಡಗಳಲ್ಲಿ ತುಬಾ ಅಂತ ಒಂದು ಪುಟ್ಟ ಹಳ್ಳಿ. ಅಲ್ಲಿನ ಮಕ್ಕಳ ಶಾಲೆ ಪಕ್ಕದ ಅತ್‌ತುವಾನಿಯಲ್ಲಿ. ಮಧ್ಯದಲ್ಲಿ ಹವಾತ್ ಮಾವೋನ್ ಅನ್ನುವ ಔಟ್‌ಪೋಸ್ಟ್, ಅಂದರೆ ಇಸ್ರೇಲಿನ ಕಾನೂನಿನ ಪ್ರಕಾರವೇ ಅನುಮತಿ ಇಲ್ಲದೆ ಎದ್ದ ಪುಟ್ಟ ವಸಾಹತು. ಮಕ್ಕಳ ಮೇಲೆ ಕಲ್ಲು ಬೀಳುತ್ತಿತ್ತು. 2004ರಲ್ಲಿ ಮಕ್ಕಳ ಜೊತೆ ನಡೆಯುತ್ತಿದ್ದ ಅಮೆರಿಕನ್ ಸ್ವಯಂಸೇವಕರಿಗೇ ಮುಖವಾಡದವರು ಸರಪಳಿಯಿಂದ ಹೊಡೆದರು. ಆಗ ಸುದ್ದಿಯಾಯಿತು. ಸರ್ಕಾರ ಮಾಡಿದ್ದೇನು? ಔಟ್‌ಪೋಸ್ಟ್ ಎತ್ತಿಸಲಿಲ್ಲ. ಮಕ್ಕಳಿಗೆ ಸೇನೆಯ ಬೆಂಗಾವಲು ಕೊಟ್ಟಿತು. ಬೆನ್ನಿಗೆ ಶಾಲೆಬ್ಯಾಗು ಹಾಕಿಕೊಂಡ ಪುಟಾಣಿಗಳು, ಜೊತೆಗೆ ಸೇನೆಯ ಜೀಪು. ಜೀಪು ತಡವಾದ ದಿನ ಮಕ್ಕಳು ಕಾಯಬೇಕಿತ್ತು, ಇಲ್ಲವೇ ಸುತ್ತು ದಾರಿ ಹಿಡಿಯಬೇಕಿತ್ತು. ಆವತ್ತು ಒಂದನೇ ಕ್ಲಾಸಿನಲ್ಲಿದ್ದವರು ಇವತ್ತು ಮಕ್ಕಳೊಂದಿಗರಾಗುವ ವಯಸ್ಸಿನಲ್ಲಿದ್ದಾರೆ.

2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದ ಮೇಲೆ ವೆಸ್ಟ್ ಬ್ಯಾಂಕಿನ ವಸಾಹತುಗಾರರಲ್ಲಿ ಸಾವಿರಾರು ಜನರನ್ನು ಮೀಸಲು ಸೈನಿಕರಾಗಿ ಕರೆಸಿ ಅವರವರ ಊರಿನ ಸುತ್ತಲೇ ಕಾವಲಿಗೆ ಹಾಕಿದರು. ನಿನ್ನೆ ಟೀ ಶರ್ಟಿನಲ್ಲಿ ಬಂದು ಬೆದರಿಸಿದವನು ಇವತ್ತು ಯೂನಿಫಾರ್ಮಿನಲ್ಲಿ ಬರುತ್ತಾನೆ. ಯಾರ ಮೇಲೆ ದೂರು, ಯಾರಿಗೆ ದೂರು?

ಇಲ್ಲಿ ಒಬ್ಬರಾದರೂ ಹೇಳುತ್ತಾರೆ, "ಆ ಕಡೆಯವರೂ ಕೊಲ್ಲುತ್ತಾರಲ್ಲ." ಕೊಲ್ಲುತ್ತಾರೆ. 2023ರ ಫೆಬ್ರುವರಿ 26ರಂದು ಹುವಾರಾ ಅನ್ನುವ ಪ್ಯಾಲೆಸ್ಟೀನಿ ಊರಿನಲ್ಲಿ ಇಬ್ಬರು ಇಸ್ರೇಲಿ ಅಣ್ಣತಮ್ಮಂದಿರನ್ನು ಗುಂಡಿಟ್ಟು ಕೊಂದರು. ಕೊಂದವನನ್ನು ಸೇನೆ ಬೆನ್ನಟ್ಟಿ ಹತ್ತೇ ದಿನದಲ್ಲಿ ಜೆನಿನ್‌ನಲ್ಲಿ ಹೊಡೆದುಹಾಕಿತು. ಆದರೆ ಕೊಲೆ ನಡೆದ ರಾತ್ರಿಯೇ ನೂರಾರು ವಸಾಹತುಗಾರರು ಹುವಾರಾಕ್ಕೆ ನುಗ್ಗಿ ಮನೆ, ಕಾರುಗಳನ್ನು ಸುಟ್ಟಿದ್ದರು. ಪಕ್ಕದ ಹಳ್ಳಿಯಲ್ಲಿ ಒಬ್ಬ ಪ್ಯಾಲೆಸ್ಟೀನಿ ಸತ್ತ. ಆ ಭಾಗದ ಸೇನಾ ಕಮಾಂಡರ್ ಯೆಹುದಾ ಫುಕ್ಸ್ ಅದನ್ನು ‘ಪೊಗ್ರೋಮ್’ ಅಂದರು. ಒಂದು ಕಾಲದಲ್ಲಿ ಯುರೋಪಿನಲ್ಲಿ ಯಹೂದಿಗಳ ಕೇರಿಗಳಿಗೆ ನುಗ್ಗಿ ನಡೆಸಿದ ಹತ್ಯಾಕಾಂಡಕ್ಕೆ ಇದ್ದ ಪದ ಅದು. ಹಣಕಾಸು ಸಚಿವ ಸ್ಮೊಟ್ರಿಚ್ ಮಾತ್ರ, ಹುವಾರಾವನ್ನು ಅಳಿಸಿಹಾಕಬೇಕು, ಆ ಕೆಲಸ ಸರ್ಕಾರ ಮಾಡಬೇಕು ಅಂದರು. ಆಮೇಲೆ ಮಾತು ಹಿಂದೆ ತೆಗೆದುಕೊಂಡರು, ಅದು ಬೇರೆ.

ನನಗೆ ಕಂಡ ಹಾಗೆ ಇದು ಬರೀ ಕೆಲವು ಪುಂಡರ ಸಿಟ್ಟಿನ ಕಥೆ ಅಲ್ಲ. ಜಮೀನಿನ ಕಥೆ. 1979ರಲ್ಲಿ ಎಲೋನ್ ಮೊರೆ ಕೇಸಿನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್, ಸೇನೆಯ ಅಗತ್ಯ ಅಂತ ನೆಪ ಹೇಳಿ ಖಾಸಗಿ ಜಮೀನಿನಲ್ಲಿ ವಸಾಹತು ಕಟ್ಟುವುದಕ್ಕೆ ತಡೆ ಹಾಕಿತು. ಸರ್ಕಾರ ಬೇರೆ ದಾರಿ ಹುಡುಕಿತು. 1858ರ ಆಟೊಮನ್ ಭೂ ಕಾನೂನಿನಲ್ಲಿ, ಮೂರು ವರ್ಷ ಬೀಳುಬಿಟ್ಟ ಜಮೀನು ಸರ್ಕಾರದ ಪಾಲಾಗಬಹುದು ಅಂತಿದೆ. ಆ ಹಳೇ ಕಾಗದ ಹೊರಗೆ ಬಂತು. ಉಳುವವನೇ ಹೊಲದೊಡೆಯ ಅಂತ ಕೂಗಿದವರು ನಾವು. ಅಲ್ಲಿ ಉಳುವವನನ್ನು ಹೊಲಕ್ಕೇ ಬಿಡದಿದ್ದರೆ ಸಾಕು. ಗುಡ್ಡದ ಮೇಲೆ ಒಂದು ಶೆಡ್ಡು, ನೂರಿನ್ನೂರು ಕುರಿ, ನಾಲ್ಕು ಹುಡುಗರು ಇದ್ದರೆ ಸುತ್ತಲಿನ ಕುರುಬರು ಆ ಹುಲ್ಲುಗಾವಲಿಗೆ ಹೋಗುವುದಿಲ್ಲ. ಅಕ್ಟೋಬರ್, ನವೆಂಬರಿನ ಆಲಿವ್ ಕೊಯ್ಲಿನಲ್ಲಿ ಹಲ್ಲೆ ಜಾಸ್ತಿಯಾಗುವುದೂ ಇದಕ್ಕೇ. 2025ರ ಅಕ್ಟೋಬರ್ ಒಂದೇ ತಿಂಗಳಲ್ಲಿ ವಿಶ್ವಸಂಸ್ಥೆ 260ಕ್ಕೂ ಹೆಚ್ಚು ದಾಳಿಗಳನ್ನು ದಾಖಲಿಸಿತು. 2006ರಲ್ಲಿ ಲೆಕ್ಕ ಇಡಲು ಶುರು ಮಾಡಿದ ಮೇಲೆ ಯಾವ ತಿಂಗಳೂ ಇಷ್ಟಿರಲಿಲ್ಲ.

ದೂರು ಕೊಡಲು ಹೋದವನೇ ಒಳಗೆ ಬೀಳುವ ಭಯವೂ ಸುಳ್ಳಲ್ಲ. ಆಸ್ಕರ್ ಗೆದ್ದ ಸಾಕ್ಷ್ಯಚಿತ್ರದ ನಿರ್ದೇಶಕರಲ್ಲಿ ಒಬ್ಬರಾದ ಹಮ್ದಾನ್ ಬಲ್ಲಾಲ್ ಅವರ ಮನೆಯ ಮೇಲೆ 2025ರ ಮಾರ್ಚಿನಲ್ಲಿ, ಪ್ರಶಸ್ತಿ ಬಂದು ತಿಂಗಳೂ ಆಗಿರಲಿಲ್ಲ, ವಸಾಹತುಗಾರರು ದಾಳಿ ಮಾಡಿದರು. ರಾತ್ರಿ ಬಂಧನದಲ್ಲಿ ಕಳೆದದ್ದು ಹಲ್ಲೆಗೊಳಗಾದ ಬಲ್ಲಾಲ್. ಕಲ್ಲು ತೂರಿದ ಶಂಕೆ ಅಂತ ಕಾರಣ ಕೊಟ್ಟರು. ಅವರಿಗಾಗಿ ಜಗತ್ತೇ ಕೂಗಾಡಿತು, ಮರುದಿನ ಬಿಟ್ಟರು. ಆಸ್ಕರ್ ಇಲ್ಲದ ಕುರಿಗಾಹಿಗೆ ಯಾರು ಕೂಗಾಡುತ್ತಾರೆ?

ಹೀಗಿದ್ದೂ ದೂರು ಕೊಡುವವರು ಇದ್ದಾರೆ, ಕೋರ್ಟಿಗೆ ಹೋಗುವವರೂ ಇದ್ದಾರೆ. ಅದೇ ದಕ್ಷಿಣ ಹೆಬ್ರಾನಿನ ಝನೂತಾ ಹಳ್ಳಿಯವರು ಸುಮಾರು 250 ಜನ. 2023ರ ಅಕ್ಟೋಬರ್ ಕೊನೆಯಲ್ಲಿ ಹೊಡೆತ, ಬೆದರಿಕೆ ತಾಳಲಾರದೆ ಮನೆಯ ತಗಡು ಬಿಚ್ಚಿ, ಲಾರಿಗೆ ಏರಿಸಿಕೊಂಡು ಹೊರಟರು. ಕೇಸು ಹಾಕಿದರು. ಗೆದ್ದರು ಕೂಡ. ಅವರು ಮರಳಲಿ, ಪೊಲೀಸರು ರಕ್ಷಣೆ ಕೊಡಲಿ ಅಂತ 2024ರ ಜುಲೈನಲ್ಲಿ ಆದೇಶ ಬಂತು. ಆಗಸ್ಟಿನಲ್ಲಿ ಹಿಂದಿರುಗಿ ನೋಡಿದರೆ ಶಾಲೆ ನೆಲಸಮ, ಗೋಡೆಗಳಿಗೆ ಸೂರಿಲ್ಲ. ತಾಡಪಾಲು ಕಟ್ಟಲು ಹೋದರೆ ಅಧಿಕಾರಿಗಳು ಬಂದರು. ಆದೇಶದಲ್ಲಿರುವುದು ಮರಳುವುದಕ್ಕೆ ಅನುಮತಿ, ಕಟ್ಟುವುದಕ್ಕೆ ಅನುಮತಿ ಇಲ್ಲ ಅನ್ನೋದು ಅವರ ವಾದ. ಸ್ವಲ್ಪ ದಿನ ಬಯಲಲ್ಲಿ ಮಲಗಿದರು. ದಾಳಿ ಮತ್ತೆ ಶುರುವಾಯಿತು. ಕೈಯಲ್ಲಿ ಕೋರ್ಟಿನ ಆದೇಶ ಇಟ್ಟುಕೊಂಡೇ ಎರಡನೇ ಸಲ ಊರು ಬಿಟ್ಟರು.